ಅತ್ತೆಯ ಜೊತೆ ಇಂಗಳದಾಳ್‌ಗೆ

ನಮ್ಮ ಅತ್ತೆಯ ಮನೆತನ ಕೋಲಾರ ಚಿನ್ನದ ಗಣಿಯದು. ಅವರ ಮುತ್ತಜ್ಜ, ಅಜ್ಜ, ಅಪ್ಪ ಎಲ್ಲರೂ ಕೆಜಿಎಫ್‌ನಲ್ಲಿ ಭೂಮಿಯ ಕೆಳಗೆ ದುಡಿದವರು. ಮಾವ ಕೂಡ ಅಲ್ಲೇ ಕೆಲಸ ಕಲಿತು, ಮದುವೆಯಾದ ಮೇಲೆ ಚಿತ್ರದುರ್ಗದ ಪಕ್ಕದ ಇಂಗಳದಾಳ್ ತಾಮ್ರದ ಗಣಿಗೆ ಬಂದರು. ಈ ಕಥೆಗಳನ್ನೆಲ್ಲ ನಾನು ತುಂಡು ತುಂಡಾಗಿ ಕೇಳಿದ್ದೆ. ಸೊಪ್ಪು ಬಿಡಿಸುವಾಗ ಒಂದು, ಬಟ್ಟೆ ಮಡಚುವಾಗ ಇನ್ನೊಂದು.

ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರೋಕೆ ಹೇಳಿದ್ದರು. ನನ್ನ ತವರಿನ ಕಡೆ ಏಳು ತಲೆಮಾರಿನ ಹೆಸರು ಸಲೀಸಾಗಿ ಸಿಕ್ಕಿತು. ಹೊಲ ಇದೆ, ಪಹಣಿ ಇದೆ, ಮಠದಲ್ಲಿ ಲೆಕ್ಕ ಇದೆ. ಅತ್ತೆಯ ಕಡೆ ಅಜ್ಜನ ಹೆಸರಿಗೇ ನಿಂತುಹೋಯಿತು. ಮುತ್ತಜ್ಜ ಯಾವ ಊರಿಂದ ಬಂದರು ಅಂತ ಅತ್ತೆಗೂ ಗೊತ್ತಿಲ್ಲ. "ಆರ್ಕಾಟ್ ಕಡೆ" ಅಂತಾರೆ, ಅಷ್ಟೇ. ನೂರು ವರ್ಷ ಚಿನ್ನ ತೆಗೆದ ಮನೆಯ ಹೆಸರು ಒಂದು ಹಾಳೆಯನ್ನೂ ತುಂಬಲಿಲ್ಲ ಅಂದರೆ ನನಗೆ ತಡೆಯಲಿಲ್ಲ. ಆಷಾಢದಲ್ಲಿ ಮದುವೆ ಮುಂಜಿ ಅಂತ ಗಲಾಟೆ ಇರಲ್ಲ. ಅತ್ತೆಯನ್ನ ಕರೆದುಕೊಂಡು ದಾವಣಗೆರೆಯಿಂದ ಹೊರಟೆವು.

ಮೊದಲನೇ ದಿನ: ದಾವಣಗೆರೆ – ಚಿತ್ರದುರ್ಗ

ಬೆಳಗ್ಗೆ ಬೆಣ್ಣೆ ದೋಸೆ ತಿಂದೇ ಹೊರಟಿದ್ದು. ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ, ಆದರೆ ಅತ್ತೆಗೆ ಕಾಲು ಹಿಡಿಯುತ್ತೆ ಅಂತ ಭರಮಸಾಗರದಲ್ಲಿ ಟೀಗೆ ನಿಲ್ಲಿಸಿದೆವು. ರಸ್ತೆಯ ಎರಡೂ ಕಡೆ ಮೆಕ್ಕೆಜೋಳ ಮೊಣಕಾಲುದ್ದ ಬಂದಿತ್ತು. ಸುಮ್ನೆ ಹನಿಯುವ ಮಳೆ, ಜೊತೆಗೆ ಆಷಾಢದ ಗಾಳಿ. ಟೀ ಅಂಗಡಿಯ ತಗಡು ಪಟಪಟ ಅಂತಿತ್ತು. ಚಿತ್ರದುರ್ಗಕ್ಕೆ ಈ ಕಾಲದಲ್ಲಿ ಬರುವವರು ಕೊಡೆಯನ್ನ ನಂಬಬೇಡಿ, ಗಾಳಿಗೆ ತಿರುಚಿಕೊಳ್ಳುತ್ತೆ. ತಲೆಗೆ ಕಟ್ಟೋಕೆ ಒಂದು ಟವೆಲ್ ಇದ್ದರೆ ಸಾಕು.

ಮಧ್ಯಾಹ್ನ ಅತ್ತೆಯ ಹಳೆಯ ನೆರೆಯವರ ಮನೆ. ಈಗ ಅವರು ಮಗನ ಜೊತೆ ಚಿತ್ರದುರ್ಗದಲ್ಲೇ ಇದ್ದಾರೆ. ಅವರ ಯಜಮಾನರೂ ಗಣಿಯವರೇ, ತೀರಿಕೊಂಡು ಬಹಳ ವರ್ಷವಾಯಿತು. ಇವರು ಚಿತ್ತೂರು ಕಡೆಯ ತೆಲುಗಿನವರು, ನಮ್ಮತ್ತೆ ತಮಿಳಿನವರು, ಇಬ್ಬರೂ ಕೆಜಿಎಫ್‌ನಲ್ಲಿ ಹುಟ್ಟಿದವರು. ಬಾಗಿಲಲ್ಲೇ ಇಬ್ಬರೂ ಕೈಕೈ ಹಿಡಿದುಕೊಂಡು ಮೂರು ಭಾಷೆ ಕಲಸಿ ಮಾತಾಡಿದರು. "ಬರ್ರಿ, ಒಳಗೆ ಬರ್ರಿ" ಅನ್ನೋದು ಮಾತ್ರ ಅಪ್ಪಟ ದುರ್ಗದ ಕನ್ನಡ.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು, ಪಕ್ಕಕ್ಕೆ ಹಸಿ ಈರುಳ್ಳಿ. ಮುದ್ದೆ ಮುರಿಯುತ್ತಾ ಅವರಿಬ್ಬರೂ ಹೇಳಿದ್ದನ್ನ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮೊದಲೇ ಕೇಳಿದ್ದೆ, ಅವರು ಖುಷಿಯಿಂದ ಒಪ್ಪಿದರು.

ಕೆಜಿಎಫ್‌ನ ದೊಡ್ಡ ಕಥೆ ಬಹಳ ಜನರಿಗೆ ಗೊತ್ತು. ಲ್ಯಾವೆಲ್ ಅನ್ನುವ ಐರಿಷ್ ಸಿಪಾಯಿ ಗಣಿ ಅಗೆಯುವ ಹಕ್ಕಿಗೆ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ್ದು, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿದ್ದು, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕಸುಬಿನವರು ಹಡಗು ಹತ್ತಿ ಬಂದಿದ್ದು. ಅವರ ಬಂಗಲೆ, ಕ್ಲಬ್ಬು, ಚರ್ಚು, ಕಲ್ಲಿನ ಮೇಲೆ ಹೆಸರು ಕೆತ್ತಿದ ಗೋರಿ ಎಲ್ಲ ಇವತ್ತಿಗೂ ಇವೆ. ಅವರ ಮೊಮ್ಮಕ್ಕಳು ಬಂದು ಹುಡುಕಿದರೆ ಸಿಗುತ್ತೆ. ನಮ್ಮ ಕಡೆಯವರು ಬಂದಿದ್ದು ಹಾಗಲ್ಲ. ಉತ್ತರ ಆರ್ಕಾಡು, ಸೇಲಂ, ಚಿತ್ತೂರು ಕಡೆಯ ಹಳ್ಳಿಗಳಿಗೆ ಮೇಸ್ತ್ರಿಗಳು ಹೋಗಿ, ಕೈಗೆ ಮುಂಗಡ ಕೊಟ್ಟು, ಗುಂಪು ಗುಂಪಾಗಿ ಕರೆತಂದರು. ಹೆಚ್ಚಿನವರು ಹೊಲ ಇಲ್ಲದ ದಲಿತರು. ಊರಲ್ಲಿ ಕೇರಿಯ ಆಚೆ ನಿಂತು ಕೂಲಿ ಇಸಕೊಳ್ಳುತ್ತಿದ್ದವರಿಗೆ ಇಲ್ಲಿ ಪ್ರತಿ ತಿಂಗಳು ಸಂಬಳ. ಅದಕ್ಕೆ ಬಂದರು, ಉಳಿದರು.

"ಮನೆ ಅಂದ್ರೆ ಏನು ಅಂದ್ಕೊಂಡಿದ್ದೀಯ?" ಅಂತ ಅತ್ತೆ ನನ್ನ ಕಡೆ ತಿರುಗಿದರು. "ಬಿದಿರಿನ ತಟ್ಟಿ. ಆ ಕಡೆಯವ್ರು ಕೆಮ್ಮಿದ್ರೆ ಈ ಕಡೆ ಮಗು ಎದ್ದುಬಿಡೋದು."

ಆಮೇಲೆ ಏರ್ ಬ್ಲಾಸ್ಟ್ ವಿಷಯ ಬಂತು. ಬಂಡೆಯ ಒಳಗಿನ ಒತ್ತಡಕ್ಕೆ ಆಳದಲ್ಲಿ ಕಲ್ಲು ಸಿಡಿಯೋದಕ್ಕೆ ಕೆಜಿಎಫ್ ಜನ ಹಾಗೆ ಅಂತಾರೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಕೆಳಗೆ ಹೋಗಿತ್ತು. ಅಷ್ಟು ಕೆಳಗೆ ಕಲ್ಲು ಸಿಡಿದರೆ ಮೇಲೆ ಅಡುಗೆಮನೆಯ ಗೂಡಿನಲ್ಲಿ ಪಾತ್ರೆ ಅಲುಗಾಡುತ್ತಿತ್ತಂತೆ. ಹೆಂಗಸರೆಲ್ಲ ಒಲೆ ಮೇಲಿನದನ್ನ ಹಾಗೇ ಬಿಟ್ಟು ಶಾಫ್ಟ್ ಕಡೆ, ಅಂದರೆ ಗಣಿಗೆ ಇಳಿಯುವ ಬಾವಿಯ ಕಡೆ ಓಡೋರು. ಜನರನ್ನ ಇಳಿಸಿ ಹತ್ತಿಸುವ ಕೇಜ್ ಮೇಲೆ ಬರೋವರೆಗೂ ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಬಂದ ಗಂಡಸರ ಮುಖದಲ್ಲಿ ಧೂಳು, ಯಾರು ಯಾರು ಅಂತ ಗುರುತು ಸಿಗಲ್ಲ. ಹೆಸರು ಹಿಡಿದು ಕೂಗಬೇಕು. ಇದನ್ನ ಹೇಳುವಾಗ ನೆರೆಯಾಕೆ ಎದ್ದು ಒಳಗೆ ಹೋದರು. ಅವರ ಅಣ್ಣ ಒಮ್ಮೆ ಹಾಗೆ ಮೇಲೆ ಬರಲಿಲ್ಲ ಅಂತ ಅತ್ತೆ ಮೆಲ್ಲಗೆ ಹೇಳಿದರು.

ಒಳಗೆ ಹೋದವರು ಬರುವಾಗ ಒಂದು ಹಳೆಯ ಫೈಲ್ ತಂದರು. ಅವರ ಯಜಮಾನರಿಗೆ ಓದು ಬರಹ ಚೆನ್ನಾಗಿತ್ತು. ಯಾರಿಗೆ ಪರಿಹಾರದ ಅರ್ಜಿ ಬೇಕಿದ್ದರೂ, ಪಿಎಫ್ ಕಾಗದ ಬೇಕಿದ್ದರೂ ಬರೆದುಕೊಡುತ್ತಿದ್ದರು. ಒಂದೊಂದು ನಕಲು ಇಟ್ಟುಕೊಳ್ಳುತ್ತಿದ್ದರು. "ನಿಮ್ಮಪ್ಪಂದೂ ಇರ್ಬೇಕು ನೋಡಕ್ಕ, ಎದೆ ರೋಗಕ್ಕೆ ಅರ್ಜಿ ಹಾಕಿದ್ರಲ್ಲ ಆವಾಗಿಂದು" ಅಂದರು. ಕಲ್ಲಿನ ಧೂಳು ಪುಪ್ಪಸಕ್ಕೆ ಹೋಗಿ ಬರುವ ಸಿಲಿಕೋಸಿಸ್ಸಿಗೆ ಗಣಿಯ ಮನೆಗಳಲ್ಲಿ ಎದೆ ರೋಗ ಅಂತಲೇ ಹೆಸರು.

ಕಾಗದ ಸಿಕ್ಕಿತು. ನಾಲ್ಕು ಮಡಿಕೆ. ಮಡಿಕೆಯ ಗೆರೆಗಳಲ್ಲಿ ಕಾಗದ ಸವೆದು ಬೆಳಕು ಕಾಣುತ್ತಿತ್ತು. ಅಚ್ಚಾದ ಖಾನೆಗಳಲ್ಲಿ ನೀಲಿ ಶಾಯಿಯ ಇಂಗ್ಲಿಷ್ ಬರಹ. ಹೆಸರು, ಟೋಕನ್ ನಂಬರು, ತಂದೆಯ ಹೆಸರು, ಕೆಲಸ: ಟಿಂಬರ್‌ಮ್ಯಾನ್. ಅಂದರೆ ಸುರಂಗ ಕುಸಿಯದ ಹಾಗೆ ಮರದ ಆಸರೆ ಕೊಡುವವರು. ಅದರ ಕೆಳಗೆ ಸ್ವಂತ ಊರು ಅನ್ನುವ ಖಾನೆ. ಉತ್ತರ ಆರ್ಕಾಡು ಜಿಲ್ಲೆ, ತಿರುಪತ್ತೂರು ತಾಲ್ಲೂಕು. ಹಳ್ಳಿಯ ಹೆಸರಿನ ಮೇಲೆ ಸರಿಯಾಗಿ ಮಡಿಕೆ ಬಂದು ಮೊದಲ ಎರಡು ಅಕ್ಷರ ಹೋಗಿತ್ತು, ಕೊನೆಯ "ಪಟ್ಟಿ" ಮಾತ್ರ ಉಳಿದಿತ್ತು. ಕೆಳಗೆ ಎಡಗೈ ಹೆಬ್ಬೆಟ್ಟು. ಹೆಬ್ಬೆಟ್ಟಿನ ನಡುವೆ ಒಂದು ಗಾಯದ ಗೆರೆ ಅಡ್ಡಲಾಗಿ ಹೋಗಿತ್ತು.

ಅತ್ತೆ ಆ ಗೆರೆಯ ಮೇಲೆ ಬೆರಳಿಟ್ಟರು. "ಕೊಡಲಿ ತಾಗಿದ್ದು. ಈ ಬೆರಳು ಮಡಚೋಕೆ ಬರ್ತಿರ್ಲಿಲ್ಲ ಅವರಿಗೆ" ಅಂದರು.

ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. 1930ರಲ್ಲಿ ಕೆಜಿಎಫ್ ಕಾರ್ಮಿಕರು ದೊಡ್ಡ ಮುಷ್ಕರ ಮಾಡಿದ್ದು ಬೆರಳಚ್ಚಿನ ವಿಷಯಕ್ಕೇ. ಎಲ್ಲರ ಬೆರಳಚ್ಚು ತಗೊಂಡು ನೋಂದಾಯಿಸುತ್ತೇವೆ ಅಂದಾಗ, ನಾವೇನು ಕಳ್ಳರಾ ಅಂತ ಜನ ಕೆಲಸ ನಿಲ್ಲಿಸಿದರು. ಅತ್ತೆಯ ಅಜ್ಜ ಅದರಲ್ಲಿದ್ದರು ಅಂತ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಈ ಜನರ ಲೆಕ್ಕ ಇಟ್ಟಿದ್ದೆಲ್ಲ ಕಂಪನಿಯ ಅನುಮಾನಕ್ಕೆ, ಕಂಪನಿಯ ಸಂಬಳಕ್ಕೆ. ಅವರಿಗೋಸ್ಕರ ಯಾರೂ ಬರೆದಿಡಲಿಲ್ಲ. ಒಬ್ಬ ನೆರೆಯವರು ನಕಲು ಇಟ್ಟಿದ್ದಕ್ಕೆ ನಮಗೆ ಒಂದು ತಾಲ್ಲೂಕು ಸಿಕ್ಕಿತು.

ಎರಡನೇ ದಿನ: ಇಂಗಳದಾಳ್

ಚಿತ್ರದುರ್ಗದಿಂದ ಇಂಗಳದಾಳ್ ದೂರವಿಲ್ಲ. ಊರಿನ ಗದ್ದಲ ಮುಗಿದ ಕೂಡಲೇ ಗುಡ್ಡಗಳು ಶುರು. ಒಂದು ಕಡೆ ಜೋಗಿಮಟ್ಟಿ ಕಾಡಿನ ಸಾಲು, ಗುಡ್ಡದ ನೆತ್ತಿಗಳಲ್ಲಿ ಗಾಳಿಯಂತ್ರಗಳು. ಆಷಾಢದಲ್ಲಿ ಅವು ನಿಲ್ಲೋದೇ ಇಲ್ಲ. ಅತ್ತೆ ಇದ್ದ ಕಾಲದಲ್ಲಿ ಇವು ಇರಲಿಲ್ಲ. "ಬೆಟ್ಟಕ್ಕೆ ಫ್ಯಾನ್ ಹಾಕಿದ್ದಾರೆ, ನಮಗೆ ಆವಾಗ ಒಂದು ಫ್ಯಾನ್ ಇರ್ಲಿಲ್ಲ" ಅಂದರು.

ತಿಂಡಿ, ನೀರು ಚಿತ್ರದುರ್ಗದಲ್ಲೇ ತಗೊಂಡಿದ್ದು ಒಳ್ಳೆಯದಾಯಿತು. ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡಿದ್ದೆವು, ಮಿರ್ಚಿ ಬೇರೆ. ಗುಡ್ಡದ ಕಡೆಯ ಮಣ್ಣು ದಾರಿಗೆ ಇಳಿದು ಸ್ವಲ್ಪ ದೂರ ಹೋಗಿದ್ದೇ ತಡ, ಜಾಲಿ ಮುಳ್ಳಿಗೆ ಟೈರ್ ಪಂಕ್ಚರ್. ನಮ್ಮನೆಯವರು ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಕಡಿಮೆ. ಅತ್ತೆಯನ್ನ ಒಂದು ಬೇವಿನ ಮರದ ಕೆಳಗೆ ಕೂರಿಸಿದೆ. ಈ ದಾರಿಗೆ ಬರುವವರು ಸ್ಟೆಪ್ನಿ ನೋಡಿಕೊಂಡೇ ಬನ್ನಿ, ಪಂಕ್ಚರ್ ಅಂಗಡಿಗೆ ವಾಪಸ್ ಚಿತ್ರದುರ್ಗದ ಕಡೆಗೇ ಬರಬೇಕಾಗುತ್ತೆ.

ಆದರೆ ಅಲ್ಲಿ ನಿಂತಿದ್ದಕ್ಕೇ ಆ ಹಿರಿಯರು ಸಿಕ್ಕಿದ್ದು. ಹತ್ತಿಪ್ಪತ್ತು ಆಡು ಹೊಡೆದುಕೊಂಡು ಬಂದರು, ಕಂಬಳಿ ಕೊಪ್ಪೆ ಹಾಕಿಕೊಂಡಿದ್ದರು.

"ಯಾವೂರಮ್ಮ?" ಅಂತ ಅತ್ತೆಯನ್ನ ಕೇಳಿದರು.

ಅತ್ತೆ ಸ್ವಲ್ಪ ಯೋಚಿಸಿ, "ಇದೇ ಊರಲ್ಲಿ ಇದ್ವಿ. ಮೈನ್ಸಲ್ಲಿ ನಮ್ಮೆಜಮಾನ್ರು ಡ್ರಿಲ್ಲರ್" ಅಂದರು.

"ಕೋಲಾರದೋರಾ?"

"ಹೂಂ."

ಅವರು ಆಡು ಬಿಟ್ಟು ಅಲ್ಲೇ ಕಲ್ಲಿನ ಮೇಲೆ ಕೂತರು. ಅವರೂ ಗಣಿಯಲ್ಲಿ ಕೆಲಸ ಮಾಡಿದ್ದವರು, ಮೇಲಿನ ಕೆಲಸ, ಕಲ್ಲು ಪುಡಿ ಮಾಡುವ ಕಡೆ. "ಕೋಲಾರದೋರು ಬಂದಾಗ ನಮಗೆ ಭಯ ಕಣಮ್ಮ. ಭಾಷೆ ತಿಳೀತಿರ್ಲಿಲ್ಲ. ಆದ್ರೆ ಕೆಳಗಿಳಿಯೋದು ಅವರಿಂದ್ಲೇ ಕಲಿತಿದ್ದು ನಮ್ಮ ಹುಡುಗ್ರು. ಕಲ್ಲು ತಟ್ಟಿ ಸದ್ದು ಕೇಳೋರು. ಸದ್ದು ಟೊಳ್ಳಾದ್ರೆ ಹಿಂದಕ್ಕೆ ಬಾ ಅನ್ನೋರು" ಅಂದರು. ಅತ್ತೆ ನನ್ನ ಕಡೆ ನೋಡಿದರು. ಅವರಿಗೆ ಅದನ್ನ ನಾನು ಕೇಳಿಸಿಕೊಂಡೆನಾ ಅಂತ ಖಾತ್ರಿಯಾಗಬೇಕಿತ್ತು.

ಮಾವ ಯಾಕೆ ಇಲ್ಲಿಗೆ ಬಂದರು ಅಂತ ಅಲ್ಲೇ ಕೂತು ಅತ್ತೆ ಬಿಡಿಸಿ ಹೇಳಿದರು. ಕೆಜಿಎಫ್‌ನ ಆಳದಲ್ಲಿ ಬಂಡೆಯೇ ಸುಡುತ್ತೆ, 60 ಡಿಗ್ರಿ ದಾಟುತ್ತೆ. ತಣ್ಣನೆಯ ಗಾಳಿ ಕೆಳಗೆ ಕಳಿಸೋಕೇ ದೊಡ್ಡ ಯಂತ್ರಗಳಿದ್ದವು. ಇಂಗಳದಾಳ್ ಅಷ್ಟು ಆಳದ ಗಣಿ ಅಲ್ಲ. ಅಪ್ಪನ ಎದೆ ರೋಗ ನೋಡಿದ್ದ ಅತ್ತೆಯೇ ಹಟ ಹಿಡಿದು ಹೊರಡಿಸಿದ್ದು. 1956ರಲ್ಲಿ ಸರ್ಕಾರ ಗಣಿಗಳನ್ನ ವಹಿಸಿಕೊಂಡ ಮೇಲೂ ಚಿನ್ನ ಕಡಿಮೆಯಾಗ್ತಾ ಬಂದಿದ್ದು ಎಲ್ಲರಿಗೂ ಕಾಣುತ್ತಿತ್ತು. ಉಳಿದ ಅಣ್ಣತಮ್ಮಂದಿರು 2001ರ ಫೆಬ್ರವರಿ ಕೊನೆಗೆ ಕೆಜಿಎಫ್ ಗಣಿ ಮುಚ್ಚುವವರೆಗೂ ಅಲ್ಲೇ ಇದ್ದರು.

ಟೈರ್ ಸರಿಯಾಗುವ ಹೊತ್ತಿಗೆ ಆ ಹಿರಿಯರೇ ನಮ್ಮನ್ನ ಊರೊಳಗೆ ಕರೆದುಕೊಂಡು ಹೋದರು. ಅತ್ತೆ ಬಾಡಿಗೆಗಿದ್ದ ಮನೆ ಈಗ ಆರ್‌ಸಿಸಿ ಆಗಿದೆ. ಹಿತ್ತಲಿನ ನುಗ್ಗೆ ಮರ ಮಾತ್ರ ಹಾಗೇ ಇದೆ, ಅದು ಅತ್ತೆ ನೆಟ್ಟಿದ್ದಂತೆ. ಮನೆಯವರು ಒಳಗೆ ಕರೆದು ಟೀ ಕೊಟ್ಟರು. ಹೊರಡುವಾಗ ಒಂದು ಕಟ್ಟು ನುಗ್ಗೆ ಸೊಪ್ಪು ಕಿತ್ತು ಕೊಟ್ಟು, "ನಿಮ್ಮ ಗಿಡದ್ದೇ ತಗಳ್ರಿ" ಅಂದರು.

ಗಣಿಯ ಗೇಟಿನವರೆಗೆ ಹೋಗಿ ಬಂದೆವು. ಒಳಗೆ ಬಿಡಲ್ಲ, ಅದು ಸರಿಯೇ. ಫೋಟೋ ತೆಗೆಯೋ ಮುಂಚೆ ಕಾವಲಿನವರನ್ನ ಕೇಳಿ. ತಾಮ್ರ ನಿಂತ ಮೇಲೆ ಇಲ್ಲಿ ಚಿನ್ನ ಬಂತು. ಹಟ್ಟಿ ಚಿನ್ನದ ಗಣಿ ಕಂಪನಿ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಅಗೆದ ಅದಿರನ್ನ ಲಾರಿಯಲ್ಲಿ ತಂದು ಇಲ್ಲಿ ಸಂಸ್ಕರಿಸಿತು. ಗದಗದಿಂದ ಶ್ರೀರಂಗಪಟ್ಟಣದ ಕಡೆಗೆ ಹೋಗುವ ಒಂದೇ ಉದ್ದನೆಯ ಶಿಲಾಪಟ್ಟಿಯ ಮೇಲೆ ಚಿತ್ರದುರ್ಗವೂ ಇದೆ, ಅಜ್ಜನಹಳ್ಳಿಯೂ ಇದೆ. ಕೋಲಾರದ ಪಟ್ಟಿ ಬೇರೆ. ಅತ್ತೆಗೆ ಈ ಭೂವಿಜ್ಞಾನ ಬೇಡ, ಅವರಿಗೆ ಗೊತ್ತಿರೋದು ಇನ್ನೂ ಚೆನ್ನಾಗಿದೆ. "ಇಲ್ಲಿ ಕಲ್ಲು ಹೊಳೀತಿತ್ತು. ಮಕ್ಕಳು ಚಿನ್ನ ಚಿನ್ನ ಅಂತ ಜೇಬಲ್ಲಿ ತುಂಬ್ಕೊಂಡು ಬರೋರು. ಅಲ್ಲಿ ನಿಜವಾದ ಚಿನ್ನದ ಕಲ್ಲು ಹೊಳೀತಾನೇ ಇರ್ಲಿಲ್ಲ, ಬಿಳಿ ಕಲ್ಲು ಅಷ್ಟೇ" ಅಂದರು. ಗಂಧಕ ಸೇರಿದ ತಾಮ್ರದ ಅದಿರು ಹಿತ್ತಾಳೆಯ ಹಾಗೆ ಹೊಳೆಯುತ್ತೆ. ಕೋಲಾರದ ಬಿಳಿ ಕಲ್ಲಿನಲ್ಲಿ ಚಿನ್ನ ಬಹುಪಾಲು ಕಣ್ಣಿಗೇ ಕಾಣಲ್ಲ.

ನಮ್ಮನೆಯವರು ಓದಿದ ಕನ್ನಡ ಶಾಲೆಯ ಮುಂದೆ ಬಹಳ ಹೊತ್ತು ನಿಂತಿದ್ದೆವು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ್ದು ಅರ್ಥವಾಗದೆ ಪಕ್ಕದ ಹುಡುಗನ ಸ್ಲೇಟು ನೋಡಿ ಬರೆಯುತ್ತಿದ್ದರಂತೆ. ಆ ಪಕ್ಕದ ಹುಡುಗನೇ ಇವತ್ತಿಗೂ ಅವರ ಆಪ್ತ ಗೆಳೆಯ, ನಮ್ಮ ಮದುವೆಗೆ ಓಡಾಡಿದವರು. ನನ್ನ ಗಂಡನ ಕನ್ನಡ ದುರ್ಗದ ಕನ್ನಡ. ಅದನ್ನ ಕೇಳಿಯೇ ನಮ್ಮಪ್ಪ "ಹುಡುಗ ನಮ್ಮ ಕಡೆಯವನೇ" ಅಂತ ಒಪ್ಪಿದ್ದು.

ಮೂರನೇ ದಿನ: ಕೋಟೆ, ವಾಣಿವಿಲಾಸ ಸಾಗರ, ವಾಪಸ್

ಬೆಳಗ್ಗೆ ನಾವಿಬ್ಬರೇ ಕೋಟೆಗೆ ಹೋಗಿ ಬಂದೆವು, ಅತ್ತೆ ನೆರೆಯಾಕೆಯ ಜೊತೆ ಉಳಿದರು. ಬಾಗಿಲು ತೆರೆದ ಕೂಡಲೇ ಹೋದರೆ ಬಿಸಿಲೂ ಇಲ್ಲ, ಜನವೂ ಕಡಿಮೆ. ಮಳೆ ಬಿದ್ದ ಬಂಡೆ ಜಾರುತ್ತೆ, ಹಿಡಿತ ಇರುವ ಚಪ್ಪಲಿ ಬೇಕು. ಓಬವ್ವನ ಕಿಂಡಿಯ ಹತ್ತಿರ ನಿಂತಾಗ ಏನೋ ಅನ್ನಿಸಿತು. ಕಾವಲುಗಾರನ ಹೆಂಡತಿಯ ಹೆಸರನ್ನ ಈ ಊರು ಇನ್ನೂರು ವರ್ಷಕ್ಕೂ ಜಾಸ್ತಿ ಹೊತ್ತುಕೊಂಡು ಬಂದಿದೆ, ಬಾಯಿಂದ ಬಾಯಿಗೆ. ಕಲ್ಲಿನ ಮೇಲೆ ಬರೆಯದಿದ್ದರೂ ಜನ ಮನಸ್ಸು ಮಾಡಿದರೆ ಹೆಸರು ಉಳಿಯುತ್ತೆ.

ಮಧ್ಯಾಹ್ನ ಹಿರಿಯೂರಿನ ದಾರಿಯಲ್ಲಿ ವಾಣಿವಿಲಾಸ ಸಾಗರಕ್ಕೆ ಹೋದೆವು. ಮಾರಿಕಣಿವೆ ಅಂದರೇನೇ ಇಲ್ಲಿನವರಿಗೆ ಸರಿ. 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿ ಹರಿದಿದ್ದು 2022ರಲ್ಲಿ. ನೀರು ನೋಡಿ ಅತ್ತೆಗೆ ಬೇತಮಂಗಲ ನೆನಪಾಯಿತು, ಕೆಜಿಎಫ್‌ಗೆ ನೀರು ಬರುತ್ತಿದ್ದದ್ದು ಅಲ್ಲಿನ ಕೆರೆಯಿಂದ. ಈ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಹೊತ್ತಲ್ಲೇ, 1902ರಲ್ಲಿ, ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್ ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಅತ್ತೆಯ ಮುತ್ತಜ್ಜ ಕರೆಂಟಿನ ಯಂತ್ರದಲ್ಲಿ ಕೆಳಗಿಳಿಯುತ್ತಿದ್ದರು, ಮೇಲೆ ಬಂದು ತಟ್ಟಿ ಮನೆಯಲ್ಲಿ ಬುಡ್ಡಿ ದೀಪ ಹಚ್ಚುತ್ತಿದ್ದರು.

ಕೋಡಿಯ ಹತ್ತಿರ ಮೀನು ಕರಿಯುವ ವಾಸನೆ ಗಾಳಿಗೆ ತೇಲಿ ಬಂತು. ಅಲ್ಲೇ ಕೂತು ಬಿಸಿ ಬಿಸಿ ತಿಂದೆವು. ಅತ್ತೆ ಎರಡನೇ ಪ್ಲೇಟು ಹೇಳಿದರು.

ವಾಪಸ್ ಬರುವಾಗ ಕಾರಿನಿಂದಲೇ ಕೆಜಿಎಫ್‌ನಲ್ಲಿರುವ ಅತ್ತೆಯ ದೊಡ್ಡಮ್ಮನ ಮಗಳಿಗೆ ಫೋನ್ ಮಾಡಿ, ತಿರುಪತ್ತೂರು ಅಂತ ಸಿಕ್ಕಿದೆ ಅಂದೆ. ಅವರಿಗೆ ಎಂಬತ್ತರ ಹತ್ತಿರ. ಸ್ಪೀಕರಿನಲ್ಲಿ ಅತ್ತೆ ತಮಿಳಿನಲ್ಲಿ ಕಾಗದ ಓದಿ ಹೇಳಿದರು. ಹಳ್ಳಿಯ ಹೆಸರಿಗೆ ಅವರು ಎರಡು ಊರು ಹೇಳಿದರು, ಎರಡೂ "ಪಟ್ಟಿ"ಯಲ್ಲೇ ಮುಗಿಯುತ್ತವೆ. ಮುತ್ತಜ್ಜನ ಹೆಸರು ಅವರಿಗೂ ಬರಲಿಲ್ಲ. ಆದರೆ ಮುತ್ತಜ್ಜಿಯ ಹೆಸರು ಗೊತ್ತಿತ್ತು! ಮಾರಿಯಮ್ಮನ ಹಬ್ಬಕ್ಕೆ ಕರಗ ಹೊರುವ ಮುಂಚೆ ಮನೆಯ ಹೆಂಗಸರ ಹೆಸರು ಹೇಳುವ ಪದ್ಧತಿಯಂತೆ ಅವರ ಮನೆಯಲ್ಲಿ, ಅದರಲ್ಲಿ ಮೊದಲ ಹೆಸರು ಮುತ್ತಜ್ಜಿಯದೇ. ದಲಿತರಿಗೆ ಬೌದ್ಧ ಧರ್ಮದ ದಾರಿ ತೋರಿಸಿದ ತಮಿಳು ಚಿಂತಕ ಅಯೋತಿ ದಾಸ ಪಂಡಿತರ ಮಾತು ಕೇಳಿ ಕೆಜಿಎಫ್‌ನಲ್ಲಿ ಬಹಳ ಮನೆಗಳು ಬೌದ್ಧರಾದಾಗ ಇವರ ಅಜ್ಜನೂ ಗೋಡೆಗೆ ಬುದ್ಧನ ಪಟ ಹಾಕಿದ್ದರು. ಆದರೆ ಮುತ್ತಜ್ಜಿಯಿಂದ ಬಂದ ಹಬ್ಬವನ್ನ ಹೆಂಗಸರು ಬಿಡಲಿಲ್ಲ.

ನಾನು ಹೆಸರು ಬರೆದುಕೊಂಡೆ. ಅದರ ಪಕ್ಕ ಕೆಲಸ ಅಂತ ಒಂದು ಖಾನೆ ಮಾಡಿದ್ದೆ, ಏನು ಬರೆಯಲಿ ಅಂದೆ.

"ಏನಮ್ಮ ಹಾಗಂದ್ರೆ, ಅವರೂ ಮೈನ್ಸಲ್ಲೇ. ಮೇಲ್ಗಡೆ ಕಲ್ಲು ಆರಿಸೋ ಕೆಲ್ಸ. ಬರ್ಕೊ" ಅಂದರು ಆ ಕಡೆಯಿಂದ.

ದಸರಾ ರಜೆಗೆ ಮಗಳನ್ನೂ ಕರೆದುಕೊಂಡು ಕೆಜಿಎಫ್‌ಗೆ ಹೋಗೋದು ಅಂತ ಆಗಿದೆ. ಬೆಂಗಳೂರಿನಿಂದ ಮಾರಿಕುಪ್ಪಂ ರೈಲಿಗೆ ಹೋದರೆ ಕಿಟಕಿಯಿಂದಲೇ ಸೈನೈಡ್ ಗುಡ್ಡ, ಚಿನ್ನ ತೆಗೆದು ಉಳಿದ ಪುಡಿ ಸುರಿದು ಆದ ಗುಡ್ಡ, ಕಾಣುತ್ತೆ ಅಂತ ಅತ್ತೆ ಈಗಿನಿಂದಲೇ ಹೇಳುತ್ತಿದ್ದಾರೆ. ಅಲ್ಲಿಂದ ತಿರುಪತ್ತೂರು ಜಾಸ್ತಿ ದೂರ ಇಲ್ಲ. ಎರಡು "ಪಟ್ಟಿ"ಗಳಿಗೂ ಹೋಗಿ ಬರುತ್ತೇವೆ.